ಮುನವಳ್ಳಿಯ ಪಂಕ್ತಿಯಿಂದ ನನ್ನನ್ನು ಎಬ್ಬಿಸಿದ ದೊಡ್ಡ ಕರುಳಿಗೆ

ಮಾನ್ಯರೇ,

ಹೋಳಿಗೆಯ ಮೇಲೆ ತುಪ್ಪ ಬೀಳುವುದಕ್ಕೂ ತಾವು ನನ್ನನ್ನು ಪಂಕ್ತಿಯಿಂದ ಎಬ್ಬಿಸುವುದಕ್ಕೂ ಸರಿಹೋಯಿತಲ್ಲ, ಆಮೇಲೆ ಏನಾಯಿತು ಎಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ. ತಾವು ತಮ್ಮ ಕೆಲಸ ಮುಗಿಸಿ ಹಗುರಾಗಿ ಮಲಗಿಬಿಟ್ಟಿರಿ. ಅನುಭವಿಸಿದವನು ನಾನು. ಆದ್ದರಿಂದ ಆ ದಿನ ಊಟ ಬಿಟ್ಟು ಬಲಗೈ ಒಣಗಿಸಿಕೊಂಡು ಕೂತ ಹನ್ನೊಂದು ಮಂದಿಯ ಪರವಾಗಿಯೂ, ಮದುವೆಯ ವಯಸ್ಸಿಗೆ ಬಂದ ನನ್ನ ಮಗಳು ಸೀತವ್ವನ ಪರವಾಗಿಯೂ, ಉಳಿದ ಚೂರುಪಾರು ಮರ್ಯಾದೆಯ ಪರವಾಗಿಯೂ, ನೇಸರಗಿಯ ಕುಪ್ಪಸದ ಖಣದ ವ್ಯಾಪಾರಿಯಾದ ಅಂದಾನೆಪ್ಪನೆಂಬ ನಾನು ತಮ್ಮ ಸನ್ನಿಧಿಗೆ ಈ ತಕರಾರು ಅರ್ಜಿಯನ್ನು ಸಾಷ್ಟಾಂಗ ನಮಸ್ಕಾರಪೂರ್ವಕ ಬರೆದುಕೊಳ್ಳುತ್ತಿದ್ದೇನೆ. ಸಾಷ್ಟಾಂಗ ಎಂಬುದು ಕಾಗದದ ಮೇಲೆ ಮಾತ್ರ. ಬೋರಲು ಬಿದ್ದರೆ ತಮಗೆ ಒತ್ತಿ ಸಿಟ್ಟು ಬರುವುದರಿಂದ ಕೂತಲ್ಲಿಂದಲೇ ಕೈಮುಗಿದಿದ್ದೇನೆ.

ನಾನು ಮೂರನೇ ಇಯತ್ತೆಯವರೆಗೆ ಓದಿದವನು. ಅರ್ಜಿ ಬರೆಯುವ ರೀತಿಯನ್ನು ಕಲಿತದ್ದು ಬೈಲಹೊಂಗಲದ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂರುವ ಅರ್ಜಿ ಬರೆಯುವವರ ಬೆನ್ನ ಹಿಂದೆ ನಿಂತು. ಮೊದಲು ಹೊಗಳಬೇಕು, ಆಮೇಲೆ ಅಳಬೇಕು, ಕೊನೆಗೆ ಆಗದ್ದನ್ನು ಕೇಳಬೇಕು ಎಂಬುದು ಅವರ ಪದ್ಧತಿ. ನಾನೂ ಅದನ್ನೇ ಪಾಲಿಸುತ್ತೇನೆ. ಸದ್ಯ ಕೂತಿರುವುದು ಮತ್ತೆ ಅದೇ ಮುನವಳ್ಳಿಯಲ್ಲಿ, ಅದೇ ಶಂಕರೆಪ್ಪನವರ ಮನೆಯ ಹೊರಗಟ್ಟೆಯ ಮೇಲೆ. ಬರೆಯುತ್ತಿರುವುದು ಖಣ ಸುತ್ತುವ ಕಾಗದದ ಹಿಂಬದಿಯಲ್ಲಿ. ಮಾನ ಹೋದ ಮನೆಯ ಮುಂದೆಯೇ ಮತ್ತೆ ಯಾಕೆ ಬಂದು ಕೂತಿದ್ದೇನೆ ಎಂಬುದನ್ನು ಅಳುವ ಭಾಗ ಬಂದಾಗ ತಿಳಿಸುತ್ತೇನೆ.

ಮೊದಲು ಹೊಗಳಿಕೆ. ನಲವತ್ತು ವರ್ಷ ತಾವು ನನ್ನೊಳಗೆ ಇದ್ದೀರೆಂಬುದೇ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಬಾಡಿಗೆದಾರರಂತೆ ಸದ್ದಿಲ್ಲದೆ ಇದ್ದಿರಿ. ಆರು ವರ್ಷದ ಹಿಂದೆ ಒಂದು ಸುಗ್ಗಿಯಲ್ಲಿ, ಇಷ್ಟು ದಿನ ಇವನು ನಮ್ಮನ್ನು ಕೇಳಲೇ ಇಲ್ಲವಲ್ಲ ಎಂದು ಬೇಸರವಾಯಿತೇನೋ, ದಿನಕ್ಕೆ ಎಂಟು ಸಲ, ಹತ್ತು ಸಲ ಕರೆಯತೊಡಗಿದಿರಿ. ಕರೆದರೆ ಬರುತ್ತಾನೋ ಇಲ್ಲವೋ ಎಂದು ಕೆಲವು ಸಲ ನೆತ್ತರಿನಲ್ಲಿ ರುಜು ಮಾಡಿಯೂ ಕಳಿಸಿದಿರಿ. ನಮ್ಮ ಓಣಿಯವರು ಬಟ್ಟಿ ಸರಿದಿದೆ, ಅಂದರೆ ನಾಭಿ ತನ್ನ ಜಾಗ ಬಿಟ್ಟಿದೆ, ಎಂದು ಹೇಳಿ ನನ್ನ ಹೊಟ್ಟೆಯನ್ನು ರೊಟ್ಟಿ ಹಿಟ್ಟಿನಂತೆ ನಾದಿದರು. ಇನ್ನೊಬ್ಬರು ಕಬ್ಬಿಣ ಕಾಸಿ ಬರೆ ಎಳೆದರು. ಅಂದಿನಿಂದ ಹೊರಗೂ ಹುಣ್ಣು, ಒಳಗೂ ಹುಣ್ಣು, ಮೇಲಾಟವಿಲ್ಲದಂತೆ ಸಮನಾಯಿತು. ಕೊನೆಗೆ ದೊಡ್ಡ ಊರಿನ ದವಾಖಾನೆಯಲ್ಲಿ ತಮ್ಮ ನಿಜವಾದ ಹೆಸರು ಮತ್ತು ಹುದ್ದೆ ಗೊತ್ತಾದವು. ದೊಡ್ಡ ಕರುಳಿನ ಹುಣ್ಣು, ಪೂರ್ತಿ ಹೋಗುವಂಥದ್ದಲ್ಲ, ಹೋಗುತ್ತದೆ ಮತ್ತೆ ಬರುತ್ತದೆ ಎಂದರು. ನಮ್ಮ ಅತ್ತೆಯ ಹಾಗೆ ಎಂದೆ. ಯಾರೂ ನಗಲಿಲ್ಲ.

ಆವತ್ತಿನಿಂದ ನನ್ನ ಖಣದ ಗಂಟಿನೊಳಗೆ ಒಂದು ಹಿತ್ತಾಳೆ ಚರಿಗೆ ಸೇರಿತು. ನಮ್ಮ ಕಡೆ ಚರಿಗೆಯಲ್ಲಿ ನೀರು ಹಿಡಿದು ಬಯಲಿಗೆ ನಡೆದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ದಿನಕ್ಕೆ ಹತ್ತು ಸಲ ನಡೆದವನನ್ನು ಕೇಳದೆ ಬಿಡುವುದೂ ಇಲ್ಲ. ಹಾಗಾಗಿ ಅದನ್ನು ಹಸಿರು ಖಣದಲ್ಲಿ ಸುತ್ತಿ, ದಾರದಿಂದ ಕಟ್ಟಿ, ಯಾರೋ ಮದುಮಗಳಿಗೆ ಒಯ್ಯುವ ಉಡುಗೊರೆಯ ಹಾಗೆ ಬಚ್ಚಿಟ್ಟುಕೊಂಡೆ. ವಾರಕ್ಕೆ ನಾಲ್ಕು ಸಂತೆ ತಿರುಗುವ ನನಗೆ ತಾವು ಕಲಿಸಿದ ಭೂಗೋಳವನ್ನು ಯಾವ ಸಾಲಿಯ ಮಾಸ್ತರರೂ ಕಲಿಸಿರಲಿಲ್ಲ. ಸವದತ್ತಿಯ ದಾರಿಯಲ್ಲಿ ಜಾಲಿ ಕಂಟಿ ಎಲ್ಲಿ ದಟ್ಟ, ರಾಮದುರ್ಗದ ದಾರಿಯಲ್ಲಿ ಯಾವ ಹಳ್ಳಕ್ಕೆ ದಂಡೆ ಎತ್ತರ, ಯಾರ ಕಬ್ಬು ಕಟಾವಿಗೆ ಬಂದಿದೆ, ಯಾರದು ಇನ್ನೂ ಎರಡು ತಿಂಗಳು ನಿಲ್ಲುತ್ತದೆ, ಎಲ್ಲವೂ ಬಾಯಿಪಾಠ.

ವ್ಯಾಪಾರಕ್ಕೂ ತಮ್ಮಿಂದ ಉಪಕಾರವಾಗಿದೆ. ಹೆಣ್ಣುಮಕ್ಕಳು ಚೌಕಾಸಿಗೆ ನಿಂತು ಇನ್ನೇನು ನಾನು ಸೋಲಬೇಕು ಎಂಬಷ್ಟರಲ್ಲಿ ತಾವು ಕರೆಯುತ್ತೀರಿ, ನಾನು ಗಂಟಿನಿಂದ ಹಸಿರು ಪೊಟ್ಟಣವನ್ನೆತ್ತಿಕೊಂಡು ಮಾತಿಲ್ಲದೆ ನಡೆದುಬಿಡುತ್ತೇನೆ. ಬಂದು ನೋಡಿದರೆ ಅವರು ನಾನು ಹೇಳಿದ ಬೆಲೆಗೇ ಒಪ್ಪಿ ಕೂತಿರುತ್ತಾರೆ. ಅಂದಾನೆಪ್ಪ ಭಾಳ ಗಟ್ಟಿ ಮನುಷ್ಯ, ದರ ಮುರಿದರೆ ಅಂಗಡಿ ಬಿಟ್ಟೇ ಹೋಗುತ್ತಾನೆ ಎಂದು ನನಗೆ ಹೆಸರು ಬಂದಿದೆ. ನಾನು ಎಷ್ಟು ಗಟ್ಟಿ ಎಂಬುದು ನನಗೆ ಮತ್ತು ತಮಗೆ ಗೊತ್ತು.

ತಮ್ಮಿಂದಾಗಿ ಒಂದು ದೇವರೂ ಹುಟ್ಟಿದ್ದಾನೆ. ಬೈಲಹೊಂಗಲ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಂಟಿ ದಟ್ಟವಾಗಿದ್ದುದರಿಂದ, ಬಸ್ಸಿನ ಡ್ರೈವರ್ ಹಣಮಂತಪ್ಪನಿಗೆ ನಾಚಿಕೆಗಾಗಿ ಒಂದು ಸುಳ್ಳು ಹೇಳಿದ್ದೆ. “ಹಣಮಂತಪ್ಪಾರ, ಆ ಕಂಟ್ಯಾಗ ನಮ್ಮ ಮನಿದೇವರ ಕಲ್ಲ ಐತ್ರಿ. ಕೈಮುಗದ ಬರತೇನಿ, ಒಂದೀಟ ನಿಲ್ಲಸ್ರಿ.” ದೇವರ ಮಾತಿಗೆ ಯಾರು ಬೇಡವೆನ್ನುತ್ತಾರೆ? ವಾರಕ್ಕೆ ಎರಡು ಸಲ ಬಸ್ಸು ನಿಂತಿತು. ಹೋಗುವಾಗಲೆಲ್ಲ ನನ್ನ ಮುಖ ಕಿವುಚಿರುತ್ತಿತ್ತು, ಬರುವಾಗ ಶಾಂತವಾಗಿರುತ್ತಿತ್ತು. ಇದನ್ನು ಮಂದಿ ನೋಡಿದರು. ಎಂಥ ಜಾಗೃತ ದೇವರೋ ಎಂದರು. ಒಬ್ಬಾಕೆ ಇಳಿದು ಕಂಟಿಯ ಬುಡದ ಕಲ್ಲಿಗೆ ಕುಂಕುಮ ಹಚ್ಚಿದಳು. ಇನ್ನೊಬ್ಬಾಕೆ ಗಂಟೆ ಕಟ್ಟಿದಳು. ಮುಳ್ಳು ಸವರಿ ನೆಲ ಸಾರಿಸಿದರು. ಈಗ ಹಣಮಂತಪ್ಪ ತಾನೇ ಹಾರ್ನ್ ಹೊಡೆದು “ದೇವರ ಸ್ಟಾಪ್ ಬಂತ್ರೆಪಾ, ಇಳೀರಿ” ಎನ್ನುತ್ತಾನೆ, ನಲವತ್ತು ಮಂದಿ ನನ್ನ ಜೊತೆಗೇ ಇಳಿದು ಕಣ್ಣುಮುಚ್ಚಿ ನಿಲ್ಲುತ್ತಾರೆ, ಮತ್ತು ಆ ನಲವತ್ತು ಮಂದಿಗಿಂತ ಹೆಚ್ಚು ಭಕ್ತಿಯಿಂದ ನಾನು ಬೇಡಿಕೊಳ್ಳುತ್ತೇನೆ: ಮುಂದಿನ ಊರಿನವರೆಗೆ ತಡೆಯಪ್ಪಾ ತಂದೆ. ಮಾನ್ಯರೇ, ಸುಳ್ಳಿಗೆ ಗುಡಿ ಕಟ್ಟಿದರೆ ಸುಳ್ಳು ಹೇಳಿದವನಿಗೇ ಕೂರಲು ಜಾಗ ಇರುವುದಿಲ್ಲ ಎಂಬುದನ್ನು ನಾನು ಆಗಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ಇನ್ನು ಅಳುವ ಭಾಗ.

ನಮ್ಮ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದಾರೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದಾಗ ಊಟಕ್ಕೆ ಹೋಳಿಗೆ ಬಡಿಸುತ್ತಾರೆ. ಹೆಣ್ಣಿನ ತಂದೆ ಆ ಹೋಳಿಗೆ ಮುರಿದು ಬಾಯಿಗಿಟ್ಟರೆ ಸಂಬಂಧ ಒಪ್ಪಿದ ಹಾಗೆ, ಮುಟ್ಟದೆ ಎದ್ದರೆ ಒಲ್ಲೆ ಎಂದ ಹಾಗೆ. ಬಾಯಿಬಿಟ್ಟು ಒಲ್ಲೆ ಎನ್ನುವ ಮುಜುಗರ ಯಾರಿಗೂ ಬರಬಾರದೆಂದು ಹಾಗೆ ಮಾಡಿದರಂತೆ. ಆ ಹಿರಿಯರೆಲ್ಲರ ಕರುಳು ಚೆನ್ನಾಗಿದ್ದವೆಂದು ತೋರುತ್ತದೆ.

ಶಂಕರೆಪ್ಪನವರ ಮಗ ಪರಸಪ್ಪ ನನ್ನ ಸೀತವ್ವನನ್ನು ನೋಡಿ ಒಪ್ಪಿದ್ದ. ಅವಳೂ ಒಪ್ಪಿದ್ದಳು. ಒಪ್ಪಿದ್ದೇನೆ ಎಂದು ಅವಳು ಹೇಳಲಿಲ್ಲ, ಮರುದಿನವೇ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಸೆರಗಿಗೆ ಕಸೂತಿಯ ಗೋಪುರ ಹಾಕತೊಡಗಿದಳು. ಉಳಿದದ್ದು ನಾನು ಹೋಗಿ ಒಂದು ತುಂಡು ಹೋಳಿಗೆ ತಿಂದು ಬರುವುದು. ಜಗತ್ತಿನಲ್ಲಿ ಒಬ್ಬ ತಂದೆಗೆ ಇದಕ್ಕಿಂತ ಸುಲಭದ ಕೆಲಸವನ್ನು ಯಾರು ಕೊಟ್ಟಾರು?

ಹಿಂದಿನ ದಿನವೇ ನಾನು ತಮ್ಮನ್ನು ಮೆಚ್ಚಿಸಲು ಬರೀ ಗಂಜಿ ಕುಡಿದಿದ್ದೆ. ಬೆಳಿಗ್ಗೆ ಹೊಲ ತೋರಿಸಿದರು, ದನ ತೋರಿಸಿದರು, ಬಾವಿ ತೋರಿಸಿದರು, ತಾವು ಕಮಕ್ ಕಿಮಕ್ ಎನ್ನಲಿಲ್ಲ. ಪಂಕ್ತಿಯಲ್ಲಿ ಕೂತೆವು. ರೊಟ್ಟಿ ಬಂತು, ಪಲ್ಯ ಬಂತು, ತಾವು ಇನ್ನೂ ಸುಮ್ಮನೆ. ಹೋಳಿಗೆ ಬಂತು. ಶಂಕರೆಪ್ಪನವರು ತಾವೇ ತುಪ್ಪದ ಗಿಂಡಿ ಹಿಡಿದು ಬಗ್ಗಿದರು. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಈಗಲಾದರೂ ಇವರು ಸುಮ್ಮನಿದ್ದಾರಲ್ಲ ಎಂದು ನಾನು ಯೋಚಿಸಿದ್ದೇ ತಪ್ಪಾಯಿತು. ತಮ್ಮ ಹೆಸರು ಮನಸ್ಸಿನಲ್ಲಿ ಬಂದ ಕೂಡಲೇ ನಾನೇ ಕರೆದೆನೇನೋ ಎಂಬಂತೆ ತಾವು ಓಗೊಟ್ಟಿರಿ. ನಾನು ಎಡಗೈಲಿ ಧೋತರ, ಬಲಗೈಲಿ ಎಂಜಲು, ಕಂಕುಳಲ್ಲಿ ಹಸಿರು ಪೊಟ್ಟಣ ಹಿಡಿದು ಹಿತ್ತಿಲ ಗೋಡೆ ಹಾರಿದೆ. ಈ ವಯಸ್ಸಿನಲ್ಲಿ ಗೋಡೆ ಹಾರಿಸಿದ ತಮ್ಮ ಸಾಮರ್ಥ್ಯಕ್ಕೆ ಮತ್ತೊಂದು ನಮಸ್ಕಾರ.

ಬಂದಾಗ ಪಂಕ್ತಿಯಲ್ಲಿ ಒಬ್ಬರೂ ತುತ್ತು ಎತ್ತಿರಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಶಂಕರೆಪ್ಪನವರು ಗಿಂಡಿಯನ್ನು ಕೆಳಗಿಟ್ಟು, ತಣ್ಣಗೆ ಕೇಳಿದರು: “ಯಾಕ್ರಿ ಅಂದಾನೆಪ್ಪಾರ, ನಮ್ಮ ಮನ್ಯಾಗ ಏನ್ ಕಮ್ಮಿ ಕಂಡ್ರಿ?”

ಹೊಟ್ಟೆ ಸರಿಯಿಲ್ಲ ಎಂಬ ಎರಡು ಮಾತು ಸಾಕಿತ್ತು. ಆದರೆ ಎರಡರ ಹಿಂದೆ ಹತ್ತು ಬರುತ್ತವೆ. ಎಷ್ಟು ದಿನದಿಂದ ಎಂದಾರು, ಆರು ವರ್ಷ ಎನ್ನಬೇಕು. ನೆತ್ತರು ಹೋಗುತ್ತದೆಯೇ ಎಂದಾರು, ಹೌದೆನ್ನಬೇಕು. ಇದು ಮನೆತನದ ರೋಗ, ನಾಳೆ ಹುಡುಗಿಗೂ ಬಂದೀತು ಎಂದು ಹಿಂದೆ ಸರಿದರೆ? ಇಷ್ಟನ್ನು ಒಂದು ಉಸಿರಿನಲ್ಲಿ ಯೋಚಿಸಿದ ನಾನು, ಸಂತೆಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡಿದೆ. ನಗಿಸಲು ಹೋದೆ. “ಏನಿಲ್ರಿ, ಹೊಲಾ ನೋಡಾಕ ಹೋಗಿದ್ದೆ. ಮುಂಜಾನೆ ತೋರಿಸಿದ್ದೆಲ್ಲಾ ನಿಮ್ಮದ ಐತೋ, ಬದುವಿನ ಆಚೇದು ಮಂದೀದೋ ಅಂತ!”

ಮಾನ್ಯರೇ, ಆ ಮಾತಿಗೆ ನಕ್ಕವನು ನಾನೊಬ್ಬನೇ. ಮಣ್ಣನ್ನೇ ನಂಬಿದವರ ಮನೆಯಲ್ಲಿ ಕೂತು ಅವರ ಮಣ್ಣಿನ ಮೇಲೆ ಗುಮಾನಿ ಇಟ್ಟವನಿಗೆ ಯಾರು ಗಂಡು ಕೊಡುತ್ತಾರೆ? ಶಂಕರೆಪ್ಪನವರು ಎದ್ದು ನಿಂತು “ಕೈ ತೊಳ್ಕೋರಿ” ಎಂದರು. ಅಷ್ಟೇ.

ಮೂರು ತಿಂಗಳಾಯಿತು. ಮುನವಳ್ಳಿಯಿಂದ ಕಾಗದವಿಲ್ಲ, ಹೇಳಿಕೆಯಿಲ್ಲ. ನನ್ನ ಹೆಂಡತಿ ಬಾಯವ್ವ ಒಂದೇ ಮಾತಿನಲ್ಲಿ ಲೆಕ್ಕ ಹಚ್ಚಿದಳು: “ಹೊಟ್ಟಿ ಜಾಡಸ್ತು ಅಂದಿದ್ರ ನಾಕ ಮಂದಿ ನಕ್ಕ ಬಿಡತಿದ್ರು. ಮಂದೀ ಹೊಲದ ಮ್ಯಾಲ ಮಾತ ತಂದ್ರಿ. ಈಗ ಯಾರ ನಗತಾರ, ನಗ್ರಿ ನೀವ ಒಬ್ಬರ ಕುಂತು.” ಸೀತವ್ವ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಗೋಪುರ ಅರ್ಧಕ್ಕೆ ನಿಂತಿತು, ಕಳಸ ಇಲ್ಲ. ಒಂದು ಮುಂಜಾನೆ ನನಗೆ ಗಂಜಿ ಕೊಡುತ್ತ ಕೇಳಿದಳು: “ಅಪ್ಪಾ, ಸಂತ್ಯಾಗ ಮಂದೀನೆಲ್ಲಾ ನಗಸ್ತಿ. ಒಂದ ಖರೇ ಮಾತ ಆಡಾಕ ಇಷ್ಟ್ಯಾಕ ಹೆದರತಿ?” ಗಂಜಿ ಬಿಸಿಯಿದೆ ಎಂದು ನೆಪ ಮಾಡಿ ನಾನು ಊದುತ್ತ ಕೂತೆ. ಅದು ಆರಿ ಬಹಳ ಹೊತ್ತಾಗಿತ್ತು.

ಹೋದ ವಾರ ತಮ್ಮನ್ನು ಕರೆದುಕೊಂಡು ದವಾಖಾನೆಗೆ ಹೋದೆನಲ್ಲ, ಆಗ ಹೊಸದಾಗಿ ಬಂದ ಒಬ್ಬ ಡಾಕ್ಟರು ಹೊಟ್ಟೆ ಮುಟ್ಟದೆ ಸ್ವಭಾವ ಕೇಳತೊಡಗಿದರು. ಕರುಳಿನ ರೋಗದವರ ಗುಣ ಎಂಥದು, ಮನಸ್ಸು ಹೇಗಿರುತ್ತದೆ ಎಂದು ಬರೆದುಕೊಳ್ಳುತ್ತಾರಂತೆ. ನಲವತ್ತು ಪ್ರಶ್ನೆ ಅಚ್ಚು ಹಾಕಿಸಿದ್ದರು. ಸಣ್ಣ ವಿಷಯಕ್ಕೂ ಚಿಂತೆ ಮಾಡುತ್ತೀರಾ ಎಂದರು. “ಇಲ್ರಿ ಸಾಹೇಬ್ರ, ನಾ ದೊಡ್ಡ ವಿಷಯಕ್ಕಷ್ಟ ಮಾಡತೇನಿ. ಸಣ್ಣವಕ್ಕ ನಮ್ಮ ಮನಿಯಾಕಿ ಅದಾಳ್ರಿ” ಎಂದೆ. ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದರು. “ನುಂಗತೇನ್ರಿ.” ನುಂಗಿದ ಮೇಲೆ? “ಮ್ಯಾಲಿಂದ ನುಂಗಿದ್ದು ಕೆಳಗ ಇಳೀತೈತ್ರಿ, ಅದಕ್ಕ ಅಲ್ಲೇನ್ರಿ ನಿಮ್ಮ ಕಡೆ ಬಂದದ್ದು.” ಅವರು ನಗದೆ ಬರೆದುಕೊಂಡರು. ಮೂವತ್ತೊಂಬತ್ತು ಪ್ರಶ್ನೆಗೂ ನಾನು ಹೀಗೇ ಸಂತೆ ಹೂಡಿದೆ. ನಲವತ್ತನೆಯದು, ಕೊನೆಯ ಸಲ ಯಾರ ಮುಂದೆ ಅತ್ತಿರಿ ಎಂಬುದು. “ಉಳ್ಳಾಗಡ್ಡಿ ಮುಂದ್ರಿ, ಹೆಚ್ಚೋ ಮುಂದ” ಎಂದೆ. ಅವರು ಲೇಖನಿ ಮುಚ್ಚಿ ಕಾಯುತ್ತ ಕೂತರು. ನಾನು ಇನ್ನೊಂದು ಹಾಸ್ಯ ಹುಡುಕಿದೆ, ಸಿಗಲಿಲ್ಲ. ಯಾರ ಮುಂದೆಯೂ ಇಲ್ಲ ಎಂದೆ.

ಹಾಗಾದರೆ ಈ ಗುಣದಿಂದಲೇ ನನ್ನ ಕರುಳು ಕೆಟ್ಟಿತೇ ಎಂದು ಕೇಳಿದೆ. ಇಲ್ಲ, ತಪ್ಪು ನಿಮ್ಮದೆಂದು ತಿಳಿಯಬೇಡಿ ಎಂದರು. ಕರುಳು ನೊಂದು ಮನಸ್ಸು ಹೀಗಾಗುತ್ತದೋ, ಮನಸ್ಸು ನೊಂದು ಕರುಳು ಕೆರಳುತ್ತದೋ, ಯಾವುದು ಮೊದಲು ಎಂದು ನಮಗೂ ಗೊತ್ತಿಲ್ಲ, ಎರಡೂ ಒಂದೇ ಮನೆಯಲ್ಲಿರುವವು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೆ ನಿದ್ದೆ ಇರುವುದಿಲ್ಲ ಎಂದರು. ಗುಳಿಗೆ ಬರೆದುಕೊಟ್ಟರು. ನನ್ನ ಹಾಳೆಯ ಕೆಳಗೆ ಏನೋ ಬರೆದರು. ಏನೆಂದು ಕೇಳಿದೆ. “ಎಲ್ಲರನ್ನೂ ನಗಿಸುತ್ತಾರೆ, ತಮ್ಮ ವಿಷಯ ಹೇಳುವುದಿಲ್ಲ” ಎಂದು ಓದಿದರು. ಮಾನ್ಯರೇ, ನಲವತ್ತಾರು ವರ್ಷದ ನನ್ನ ಬಾಳನ್ನು ಒಂದು ಸಾಲಿಗೆ ಇಳಿಸಿದ ಆ ಡಾಕ್ಟರರ ಮೇಲೂ ತಕರಾರು ಕೊಡುವವನಿದ್ದೆ, ಆದರೆ ಕಾಗದ ಸಾಲದು.

ಹೊರಗೆ ಕೂರುವ ಮರದ ಬಾಕಿನ ಮೇಲೆ ಸಾಲಹಳ್ಳಿಯ ಕೆಂಪವ್ವ ಕೂತಿದ್ದಳು. ತಮ್ಮ ಬಳಗದವರೊಬ್ಬರು ಅವಳ ಹೊಟ್ಟೆಯಲ್ಲಿಯೂ ಒಂಬತ್ತು ವರ್ಷದಿಂದ ವಾಸವಾಗಿದ್ದಾರೆ. ಹೊಲದ ಕೆಲಸದವಳು, ಸಂತೆಯಲ್ಲಿ ನಾನು ಆಡುವ ಮಾತಿನ ನೂರರಲ್ಲೊಂದು ಪಾಲೂ ಆಡಿದವಳಲ್ಲ. ಬೀಗರ ಮನೆಗೆ, ನೆಂಟರ ಮನೆಗೆ ಹೇಗೆ ಹೋಗುತ್ತೀ ಎಂದು ಕೇಳಿದೆ. “ಹೊಚ್ಚಲಾ ದಾಟೂ ಮೊದ್ಲ ಹೇಳತೇನಿ. ಯವ್ವಾ, ನೀರ ಆಮ್ಯಾಲ ಕೊಡು, ಮೊದ್ಲ ಚರಗಿ ಎಲ್ಲಿಟ್ಟಿ ತೋರಸು, ನನ್ನ ಹೊಟ್ಟಿ ನನ್ನ ಮಾತ ಕೇಳೂದಿಲ್ಲ ಅಂತೇನಿ.”

“ನಾಚಿಕಿ ಬರೂದಿಲ್ಲೇನ್ ಯಕ್ಕಾ?”

“ನಾಚಿಕಿ ಅಂತ ಸುಮ್ನ ಕುಂತ್ರ ಸೀರಿ ಹೊಲಸ ಆಕ್ಕೈತಿ. ಆವಾಗ ಎರಡ ನಾಚಿಕಿ ಆಗತಾವ.”

“ಮಂದಿ ಏನಂತಾರ?”

“ಮಂದಿ ಏನ್ ತಿಂದದ್ದ ಇಟಗೊಂಡ ಕುಂದರತಾರೇನೋ ತಮ್ಮಾ?”

ನಾನು ನಕ್ಕೆ. ಅವಳು ನಗಲಿಲ್ಲ. “ದಿನಾ ಹಿಂಗ ಗಟ್ಟಿ ಇರತೇನಂತ ತಿಳೀಬ್ಯಾಡ. ಒಂದೊಂದ ದಿನ ಕಳೇ ತಗ್ಯಾಕ ಕುಂತಾಗ ಅಳೂ ಬರತೈತಿ. ಅತ್ಕೋತನ ಒಂದ ಸಾಲ ತಗೀತೇನಿ. ಬಾಜೂ ಸಾಲಿನಾಕಿ ಯಾಕ ಅಂದ್ರ ಹೇಳತೇನಿ. ಹೇಳಿದ ಮ್ಯಾಲ ರೊಟ್ಟಿ ರುಚಿ ಹತ್ತೈತಿ.” ಎಂದಳು. ಆಮೇಲೆ ತನ್ನ ಸೀರೆಯ ಸೆರಗಿನಿಂದ ಚರಿಗೆಯನ್ನು ಒರೆಸಿ, ಎಲ್ಲರಿಗೂ ಕಾಣುವಂತೆ ಬಾಕಿನ ಮೇಲೆ ಇಟ್ಟಳು. ನನ್ನದು ಹಸಿರು ಖಣದೊಳಗೆ, ಮದುಮಗಳ ಹಾಗೆ ಮುಸುಕು ಹಾಕಿಕೊಂಡು ನನ್ನ ತೊಡೆಯ ಮೇಲಿತ್ತು.

ಇಂದು ಬೆಳಿಗ್ಗೆ ನಾನು ಮುನವಳ್ಳಿಯ ಬಸ್ಸು ಹತ್ತಿದ್ದು ಹೀಗೆ. ಗಂಟು ಮನೆಯಲ್ಲಿ ಬಿಟ್ಟು, ಚರಿಗೆಯನ್ನು ಮಾತ್ರ ಬರಿಗೈಯಲ್ಲಿ ಹಿಡಿದು ಬಂದೆ. ಖಣ ಸುತ್ತುವ ಕಾಗದ ಅಂಗಿಯ ಜೇಬಿನಲ್ಲಿ ಉಳಿದಿತ್ತು. ಶಂಕರೆಪ್ಪನವರು ಇದೇ ಕಟ್ಟೆಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕೂಡ್ರಿ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ: “ಆವತ್ತ ನಾ ನಿಮ್ಮ ಹೊಲಾ ನೋಡಾಕ ಹೋಗಿದ್ದಿಲ್ರಿ. ನನಗ ಕರುಳಿನ ಬ್ಯಾನಿ ಐತ್ರಿ. ತಡೀಲಿಲ್ಲ, ಓಡಿದೆ. ಹೇಳಾಕ ನಾಚಿಕಿ ಬಂತು, ಆಡಬಾರದ್ದ ಆಡಿದೆ.”

ಅವರ ಬೆರಳು ಎಲೆಯ ಮೇಲೆ ನಿಂತಿತು. “ರಕ್ತಾನೂ ಹೋಕ್ಕೈತೇನ್ರಿ?”

“ಹೋಕ್ಕೈತ್ರಿ.”

“ಎಷ್ಟ ವರ್ಷಾತು?”

“ಆರು.”

“ಹುಡುಗೀಗಿ?”

ಮಾನ್ಯರೇ, ಇಲ್ಲಿ ಒಂದು ಹಾಸ್ಯ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಈ ಸಲ ನುಂಗಿದ್ದು ತಮಗೂ ಭಾರವಾಗಲಿಲ್ಲವೆಂದು ನಂಬಿದ್ದೇನೆ. “ಹುಡುಗಿ ಗಟ್ಟಿ ಅದಾಳ್ರಿ. ಮುಂದಿಂದು ನಾ ಹೇಳಲಾರೆ, ನನಗ ಗೊತ್ತಿಲ್ಲ. ನನ್ನ ಸುಳ್ಳಿಗಿ ಆಕೀನ ದಂಡಾ ಕಟ್ಟಸಬ್ಯಾಡ್ರಿ.” ಶಂಕರೆಪ್ಪನವರು ಎಲೆಯನ್ನು ಮಡಿಸಲಿಲ್ಲ, ಬಾಯಿಗೂ ಹಾಕಿಕೊಳ್ಳಲಿಲ್ಲ. ತಾಟಿನಲ್ಲಿ ಇಟ್ಟು ಎದ್ದು ಒಳಗೆ ಹೋದರು. ಅದಾಗಿ ಒಂದೂವರೆ ತಾಸು. ಆ ಎಲೆ ಇನ್ನೂ ನನ್ನ ಪಕ್ಕದಲ್ಲಿ ಬಿಸಿಲಿಗೆ ಬಾಡುತ್ತ ಇದೆ. ಹೋಗು ಎಂದೂ ಯಾರೂ ಅಂದಿಲ್ಲ, ಬಾ ಎಂದೂ ಅಂದಿಲ್ಲ. ಒಳಗೆ ಹೆಂಗಸರ ಗುಸುಗುಸು ಇದೆ, ಪಾತ್ರೆ ಇಟ್ಟ ಸಪ್ಪಳ ಇದೆ. ಬಾಗಿಲಿನಲ್ಲಿ ಒಮ್ಮೆ ಪರಸಪ್ಪ ಕಾಣಿಸಿದ, ನನ್ನ ಕೈಯಲ್ಲಿದ್ದ ಚರಿಗೆಯನ್ನು ನೋಡಿದ, ಒಳಗೆ ಹೋದ. ಎದ್ದು ಬಸ್ಸಿಗೆ ಹೋಗೋಣವೆಂದರೆ ಕಾಲು ಏಳುತ್ತಿಲ್ಲ. ಸುಮ್ಮನೆ ಕೂತರೆ ತಾವು ಏ‍ಳುತ್ತೀರಿ. ಅದಕ್ಕೇ ಈ ಅರ್ಜಿ.

ಈಗ ಆಗದ್ದನ್ನು ಕೇಳುವ ಭಾಗ, ಬೇಗ ಮುಗಿಸುತ್ತೇನೆ. ತಮ್ಮ ಕರೆಯನ್ನು ಎಂಟು ದಿನ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಬೇಕು. ಅಮಾವಾಸ್ಯೆಗೆ ಎತ್ತಿಗೂ ರಜೆ ಉಂಟು, ತಾವೂ ತೆಗೆದುಕೊಳ್ಳಬೇಕು. ಈ ತುರ್ತು ಪರಿಸ್ಥಿತಿಯ ವರ್ಷ ಬೈಲಹೊಂಗಲದ ಬಸ್ ನಿಲ್ದಾಣದ ಗೋಡೆಯ ತುಂಬ ಶಿಸ್ತು ಪಾಲಿಸಿ ಎಂದು ಬರೆದಿದ್ದಾರೆ, ಗುಮಾಸ್ತರು ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದಾರೆ, ದೇಶದಲ್ಲಿ ಗೋಡೆಯ ಬರಹ ಓದದೆ ಉಳಿದಿರುವ ನೌಕರರು ತಾವೊಬ್ಬರೇ. ಇದಾವುದೂ ಸಾಧ್ಯವಿಲ್ಲದಿದ್ದರೆ ಬೇರೆ ತಾಲ್ಲೂಕಿಗೆ ವರ್ಗ ಮಾಡಿಸಿಕೊಳ್ಳಬೇಕು. ಅದೂ ಬೇಡವೆಂದರೆ ಇವತ್ತು ಒಂದೇ ಒಂದು ತಾಸು

ಕ್ಷಮಿಸಬೇಕು, ವಾಕ್ಯ ಅರ್ಧಕ್ಕೆ ನಿಂತಿತು. ಒಳಗಿನಿಂದ ಬೇಯಿಸಿದ ಕಡಲೆಬೇಳೆ, ಬೆಲ್ಲ, ಏಲಕ್ಕಿಯ ವಾಸನೆ ಬರುತ್ತಿದೆ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಯಾರಿಗೆ ಎಂದು ಯೋಚಿಸಲು ಧೈರ್ಯವಾಗದೆ ಬಾಡಿದ ಎಲೆಯನ್ನೇ ನೋಡುತ್ತ ಕೂತಿದ್ದೆ. ಈಗ ಶಂಕರೆಪ್ಪನವರು ಬಾಗಿಲಿಗೆ ಬಂದು ನಿಂತು ಕರೆಯುತ್ತಿದ್ದಾರೆ. ಹೆಸರು ಹಿಡಿದಲ್ಲ.

“ಬೀಗರ, ಏಳ್ರಿ, ತಾಟ ಹಾಕೇತಿ. ಹಿತ್ತಲ ಬಾಗಲಾ ತೆರದ ಇಟ್ಟೇವಿ, ಗ್ವಾಡಿ ಹಾರಬ್ಯಾಡ್ರಿ. ಹೊಲಾ ನೋಡಾಕ ಹೋಗೂದಿದ್ರ ಈ ಸಲ ಬದು ದಾಟಬ್ಯಾಡ್ರಿ ಮತ್ತ, ಆಚೇದು ಖರೇನ ಮಂದೀದು.”

ಪರಸಪ್ಪ ಬಂದು ನನ್ನ ಚರಿಗೆ ಇಸಿದುಕೊಂಡು ನೀರು ತುಂಬಲು ಹೋದ. ಅದನ್ನು ನನ್ನ ತಾಟಿನ ಪಕ್ಕದಲ್ಲೇ ಇಡುತ್ತಾನಂತೆ. ಉಳಿದದ್ದನ್ನು ಕೈ ತೊಳೆದ ಮೇಲೆ ಬರೆಯಬೇಕೆಂದಿದ್ದೆ, ಆದರೆ ಬರೆಯಲು ಇನ್ನೇನೂ ಕಾಣುತ್ತಿಲ್ಲ. ಹೋಳಿಗೆ ಮುರಿಯಲು ಹೋಗುತ್ತಿದ್ದೇನೆ. ತಮ್ಮನ್ನೂ ಜೊತೆಗೇ ಕರೆದೊಯ್ಯುತ್ತಿದ್ದೇನೆ, ಬಿಟ್ಟು ಹೋಗುವ ಹಾಗಿಲ್ಲವಲ್ಲ.

ಹಗಲಿರುಳು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಅಂದಾನೆಪ್ಪ, ಖಣದ ವ್ಯಾಪಾರಿ, ನೇಸರಗಿ

ತಾ. ಕ.: ಈ ಪತ್ರವನ್ನು ಮುಂದಿನ ಸಂತೆಯಲ್ಲಿ ಖಣದ ಗಂಟಿನ ಮೇಲೆ ನಿಂತು ಗಟ್ಟಿಯಾಗಿ ಓದುವವನಿದ್ದೇನೆ. ಹಣಮಂತಪ್ಪನ ಬಸ್ಸಿನಲ್ಲಿಯೂ ಓದುತ್ತೇನೆ, ಆ ದೇವರು ಏನಾದರೂ ಆಗಲಿ. ಆರು ವರ್ಷ ನನ್ನ ಗುಟ್ಟನ್ನು ತಿಂದೇ ತಾವು ಇಷ್ಟು ಕೊಬ್ಬಿದ್ದು, ಇನ್ನು ಮೇಲೆ ಗಂಜಿಯ ಮೇಲೆಯೇ ಬದುಕಬೇಕಾದೀತು. ಇಂದು ಹೋಳಿಗೆಯ ಹೊತ್ತಿಗೆ ಕರೆಯಲೇಬೇಕೆಂದಿದ್ದರೆ ಅವಶ್ಯ ಕರೆಯಿರಿ, ಸಂಕೋಚ ಬೇಡ. ಪಂಕ್ತಿಯಿಂದ ಏಳುವವರು ನಾನಲ್ಲ, ತಾವೆಂದು ಈಗ ಎಲ್ಲರಿಗೂ ಗೊತ್ತು. ನಾನು ತಮ್ಮನ್ನು ಹಿತ್ತಿಲವರೆಗೆ ಕಳಿಸಿ ಬರಲು ಬಂದವನು, ಅಷ್ಟೇ.